ಮಾಯಿಯ ಗೋದಲಿಗೆ ಒಂದು ಜೋಡಿ ಎತ್ತು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿದಾಗ ಒಂದು ವಾಸನೆ ಬರುತ್ತದೆ. ಅದು ಹಸಿವು ಕೆರಳಿಸುವುದಿಲ್ಲ, ಹೇಸಿಗೆಯನ್ನೂ ಹುಟ್ಟಿಸುವುದಿಲ್ಲ. ಹಾಲು ಕುಡಿದು ಮಲಗಿದ ಕೂಸಿನ ಬಾಯಿಯ ವಾಸನೆಗೆ ಸ್ವಲ್ಪ ಹತ್ತಿರ, ಗಂಜಿ ಹಾಕಿದ ಸೀರೆಯ ಮೇಲೆ ಇಸ್ತ್ರಿ ಆಡಿಸಿದಾಗ ಏಳುವ ವಾಸನೆಗೆ ಇನ್ನೂ ಸ್ವಲ್ಪ ಹತ್ತಿರ. ಕಳೆದ ಡಿಸೆಂಬರಿನ ಒಂದು ಮುಂಜಾನೆ, ಕುಂಕಳ್ಳಿಯಲ್ಲಿ ನಾನು ಕೆಲಸಕ್ಕೆ ಹೋಗುವ ಫ್ಯಾಕ್ಟರಿಯ ಕಂಪೌಂಡ್ ಗೋಡೆಗೆ ಇಬ್ಬರು ಕೊಂಕಣಿ ನಾಟಕದ ಪೋಸ್ಟರ್ ಹಚ್ಚುತ್ತಿದ್ದರು. ಅವರ ಬಕೆಟ್ಟಿನಲ್ಲಿದ್ದ ಅಂಟು ಇನ್ನೂ ಬಿಸಿಯಾಗಿತ್ತು. ಒಬ್ಬ ಅದರಲ್ಲಿ ಕಸಬರಿಗೆ ಅದ್ದಿ ಗೋಡೆಗೆ ಬಳಿಯುತ್ತಿದ್ದ, ಇನ್ನೊಬ್ಬ ಕಾಗದ ಹರಡಿ ಅಂಗೈಯಿಂದ ಸವರುತ್ತಿದ್ದ. ನಾನು ಪ್ಯಾಕಿಂಗ್ ವಿಭಾಗದವಳು, ಮೊದಲ ಪಾಳಿ, ಗೇಟು ಹಾಕಲು ಇನ್ನು ಐದು ನಿಮಿಷವಿತ್ತು. ಆದರೂ ಕಾಲು ನಿಂತುಬಿಟ್ಟಿತು. ಜೊತೆಯವಳು ಮುಂದೆ ಹೋಗಿ ತಿರುಗಿ ನೋಡಿ, “ಕಸ್ತೂರಿ, ಏನ್ ನೋಡಾಕತ್ತೀಯವ? ಗೇಟ್ ಹಾಕ್ತಾರ, ಬಾ” ಅಂದಳು. “ನೀ ನಡಿ, ಬಂದೆ” ಅಂದೆ. ಮೂವತ್ತು ದಾಟಿದ, ಬಾಡಿಗೆಯ ಒಂದು ಖೋಲಿಯಲ್ಲಿ ಒಬ್ಬಳೇ ಇರುವ ಹೆಂಗಸು ನಾನು. ಗೋಡೆಯ ಮುಂದೆ ಮೂಗರಳಿಸಿ ನಿಂತದ್ದನ್ನು ನೋಡಿ ಆ ಪೋಸ್ಟರಿನವರು ಏನು ತಿಳಿದರೋ. ನನಗಂತೂ ಆ ಹೊತ್ತಿಗೆ ಬಾಯ್ನಾದ ಒಂದು ಹೆಂಚಿನ ಮನೆಯ ಅಡುಗೆಕೋಣೆ, ಸೀಮೆಎಣ್ಣೆಯ ಸ್ಟೋವು, ಅದರ ಮೇಲೆ ಕಟ್ಟಿಗೆಯ ಚಮಚೆಯಿಂದ ಅಂಟು ಕದಡುತ್ತ ಕೂತ ಒಬ್ಬ ಮುದುಕಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನಾವು ಸಿಂದಗಿಯ ಕಡೆಯವರು. ನಾನು ಎಂಟು ವರ್ಷದವಳಿದ್ದಾಗ ಅಪ್ಪ ಅವ್ವನನ್ನೂ ನನ್ನನ್ನೂ ಗೋವಾಕ್ಕೆ ಕರೆದುಕೊಂಡು ಬಂದ. ಅವನು ಅದಕ್ಕೂ ಎರಡು ವರ್ಷ ಮೊದಲೇ ಬಂದು ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ ಕೆಲಸ ಹಿಡಿದಿದ್ದ. ವಾಸ್ಕೋದ ಬಾಯ್ನಾ ದಂಡೆಯಲ್ಲಿ, ಮರಳಿನ ಮೇಲೆಯೇ ಎದ್ದ ಸಾಲುಸಾಲು ತಗಡಿನ ಖೋಲಿಗಳಲ್ಲಿ ಒಂದು ನಮ್ಮದು. ಸಮುದ್ರ ಉಕ್ಕುವ ಭರತದ ದಿನ ನೀರು ಹಿಂದಿನ ಗೋಡೆಯವರೆಗೆ ಬಂದು ಹೋಗುತ್ತಿತ್ತು. ಅವ್ವ ಮೀನು ಆರಿಸಿ ಐಸಿಗೆ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಹುಟ್ಟಿದಾಗಿನಿಂದ ಮೀನು ಮುಟ್ಟದಿದ್ದವಳು, ಮೊದಲ ತಿಂಗಳು ಕೈಯ ವಾಸನೆಗೆ ಉಣ್ಣಲಾರದೆ ಎದ್ದುಬಿಡುತ್ತಿದ್ದಳು. ಸುತ್ತ ನಮ್ಮ ಕಡೆಯವರೇ ಬೇಕಾದಷ್ಟು ಜನ ಇದ್ದರು. ವಿಜಾಪುರದವರು, ಬಾಗಲಕೋಟೆಯವರು, ಗದಗಿನವರು. ಆದರೆ ಎಲ್ಲರೂ ದುಡಿಯುವವರು, ಬೆಳಗಾದರೆ ಓಣಿ ಖಾಲಿ. ಶಾಲೆಗೆ ಹೆಸರು ಹಚ್ಚುವ ಹೊತ್ತು ಮುಗಿದುಹೋಗಿತ್ತು, ಮುಂದಿನ ಜೂನ್‌ವರೆಗೆ ನಾನು ಮನೆಯಲ್ಲೇ ಇರಬೇಕಿತ್ತು. ಅವ್ವ ರೊಟ್ಟಿ ಪುಂಡಿಪಲ್ಲೆ ಮುಚ್ಚಿಟ್ಟು, “ಸಮುದ್ರದ ಕಡಿ ಹೋಗಬ್ಯಾಡ, ರಸ್ತೆದ ಕಡಿ ಹೋಗಬ್ಯಾಡ” ಎಂದು ಹೇಳಿ ಹೋಗುತ್ತಿದ್ದಳು. ಆ ಎರಡನ್ನೂ ಬಿಟ್ಟರೆ ಹೋಗಲು ಬೇರೆ ಕಡೆಯೇ ಇರಲಿಲ್ಲ. ಊರಲ್ಲಿ ಅಜ್ಜಿ, ನಮ್ಮ ಆಯಿ, ಇದ್ದಳು, ಕರು ಇತ್ತು, ಕರೆದರೆ ಓಗೊಡುವ ಹತ್ತು ಮನೆ ಇದ್ದವು. ಇಲ್ಲಿ ನಾನು ಇಡೀ ದಿನ ಯಾರೊಡನೆಯೂ ಮಾತಾಡದೆ ಇದ್ದು, ಸಂಜೆ ಅವ್ವ ಬಂದು ಏನಾದರೂ ಕೇಳಿದರೆ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಕೆಮ್ಮಿ ಸರಿಮಾಡಿಕೊಂಡು ಉತ್ತರ ಹೇಳಬೇಕಾಗುತ್ತಿತ್ತು.

ಹೊತ್ತು ಕಳೆಯಲು ನಾನು ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಆರಿಸುತ್ತಿದ್ದೆ. ಬಂದರಿನ ಕೆಲಸಗಾರರು ಎಸೆದದ್ದು ಓಣಿಯ ತುಂಬ ಬಿದ್ದಿರುತ್ತಿತ್ತು. ಅದನ್ನು ತೊಡೆಯ ಮೇಲಿಟ್ಟು ಉಗುರಿನಿಂದ ತೀಡಿ ಸಪಾಟು ಮಾಡಿ ಒಂದರ ಮೇಲೊಂದು ಇಡುವುದು ನನ್ನ ಕೆಲಸ. ಹಾಗೆ ಆರಿಸುತ್ತ ಒಂದು ದಿನ ಓಣಿಯ ಕೊನೆಗೆ, ರಸ್ತೆಯ ಅಂಚಿಗಿದ್ದ ಹೆಂಚಿನ ಮನೆಯವರೆಗೆ ಹೋದೆ. ಆ ಮನೆ ನಮ್ಮ ಖೋಲಿಗಳಿಗಿಂತ ಬಹಳ ಹಳೆಯದು. ಜಗಲಿಯ ಕಟ್ಟೆಯ ಮೇಲೆ ಹೂವಿನ ಫ್ರಾಕು ತೊಟ್ಟ ತೆಳ್ಳನೆಯ ಮುದುಕಿಯೊಬ್ಬಳು ಬಿದಿರಿನ ಸೀಳು ಹೆರೆಯುತ್ತ ಕೂತಿದ್ದಳು. ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡಿ, “ಯೋ ಗೋ ಬಾಯ್, ಅದು ತೋರಿಸು ನನಗೆ” ಎಂದು ಕೈಮಾಡಿ ಕರೆದಳು. ಕನ್ನಡ ಕೇಳಿ ನಾನು ಬೆಚ್ಚಿದೆ. ಸುತ್ತ ಇಷ್ಟು ಕನ್ನಡದವರ ನಡುವೆ ಇದ್ದು ಇದ್ದು ಆಕೆಗೆ ನಮ್ಮ ಮಾತು ಅರ್ಧ ಬಂದಿತ್ತು, ಉಳಿದರ್ಧ ಕೊಂಕಣಿ. ಬೆಳ್ಳಿ ಕಾಗದವನ್ನು ಕಣ್ಣಿನ ತೀರ ಹತ್ತಿರ ಹಿಡಿದು ನೋಡಿ, “ಎಷ್ಟು ನೀಟ್ ಮಾಡಿದೀ ಗೋ! ನಂದು ನಕ್ಷತ್ರಕ್ಕೆ ಬಾಲ ಆಗ್ತದೆ ಇದು. ಕೊಡ್ತಿ?” ಎಂದು ಕೇಳಿದಳು. ಗೋವಾಕ್ಕೆ ಬಂದ ಮೇಲೆ ನನ್ನಿಂದ ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಇಡೀ ಕಟ್ಟನ್ನು ಕೊಟ್ಟುಬಿಟ್ಟೆ.

ಎಲ್ಲರೂ ಆಕೆಯನ್ನು ಮಾಯಿ ಅನ್ನುತ್ತಿದ್ದರು, ನಾನೂ ಮಾಯಿ ಅಂದೆ. ಗಂಡ ಸತ್ತು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಮಿಂಗೆಲ್ ಹಡಗಿನಲ್ಲಿ ಅಡುಗೆಯವನು, ಯಾವುದೋ ದೇಶದ ಸಮುದ್ರದಲ್ಲಿ ಇರುತ್ತಿದ್ದ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದರಿಂದ ಆಕೆಗೆ ಕತ್ತರಿಯ ಕೆಲಸ ಆಗುತ್ತಿರಲಿಲ್ಲ. ಅದಕ್ಕೆ ನನ್ನ ಕಣ್ಣು ಬೇಕಾಯಿತು. ಮರುದಿನದಿಂದ ಅವ್ವನ ಅಪ್ಪಣೆ ಪಡೆದು ದಿನವೂ ಹೋಗತೊಡಗಿದೆ. ನಾತಾಲಿಗೆ, ಅಂದರೆ ಕ್ರಿಸ್ಮಸ್ಸಿಗೆ, ಇನ್ನೂ ಮೂರು ವಾರವಿತ್ತು. ಮಾಯಿ ಅಂಗಡಿಯಿಂದ ತರುತ್ತಿದ್ದದ್ದು ಗಾಳಿಪಟದ ತೆಳು ಕಾಗದ ಮಾತ್ರ. ಕೆಂಪು ಎರಡು ಹಾಳೆ, ಬಿಳಿ ಎರಡು ಹಾಳೆ. ಮಿಕ್ಕಿದ್ದೆಲ್ಲ ಬಾಯ್ನಾದ ದಂಡೆಯೇ ಕೊಡುತ್ತಿತ್ತು. ಮುರಿದ ಮೀನುಬುಟ್ಟಿಯ ಬಿದಿರನ್ನು ಸೀಳಿ, ಬಕೆಟ್ಟಿನಲ್ಲಿ ಒಂದು ಹಗಲು ನೆನೆಸಿಟ್ಟರೆ ಅದು ಬಾಗಲು ಒಪ್ಪುತ್ತಿತ್ತು. ಐದು ಸೀಳಿಗೆ ಒಂದು ನಕ್ಷತ್ರ. ಅಂಥ ಎರಡನ್ನು ತುದಿಗಳಲ್ಲಿ ಬಿಗಿದು, ನಡುವೆ ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ಒಳಗೆ ಬಲ್ಬಿಗೆ ಜಾಗವಾಗುತ್ತಿತ್ತು. ಕಟ್ಟಲು ಹರಿದ ಬಲೆಯ ದಾರ. ಆಮೇಲೆ ಸ್ಟೋವಿನ ಮೇಲೆ ಮೈದಾದ ಅಂಟು. ಬೆರಳಿನಿಂದ ಅಂಟು ಸವರಿ ಕಾಗದ ಹೊದಿಸಿದಾಗ ಮೊದಲು ಅದು ಸುಕ್ಕುಸುಕ್ಕಾಗಿ ಜೋತು ಬೀಳುತ್ತಿತ್ತು. ನಾನು ಕೆಟ್ಟಿತೆಂದು ಅಳುಮೋರೆ ಮಾಡಿದರೆ ಮಾಯಿ ನಕ್ಕು, “ಬಿಸಿಲಿಗೆ ಇಡು, ಮತ್ತೆ ನೋಡು” ಅನ್ನುತ್ತಿದ್ದಳು. ಒಣಗಿದ ಕಾಗದ ಡೊಳ್ಳಿನ ಹಾಗೆ ಬಿಗಿದು ನಿಲ್ಲುತ್ತಿತ್ತು, ಬೆರಳಿನಿಂದ ಹೊಡೆದರೆ ಟಪ್ ಅನ್ನುತ್ತಿತ್ತು.

ಬಾಗಿಲಿಗೆ ಹಾಕುವ ಮಾಲೆಗೆ ಮಾತ್ರ ಮಾಯಿ ಬೇರೆ ಕಾಗದ ಇಟ್ಟಿದ್ದಳು. ಮಗ ಬರೆಯುತ್ತಿದ್ದ ಪತ್ರಗಳ ಲಕೋಟೆ. ಅವುಗಳ ಅಂಚಿಗೆ ಕೆಂಪು ನೀಲಿ ಪಟ್ಟಿ ಇರುತ್ತಿತ್ತಲ್ಲ, ಅದನ್ನಷ್ಟೇ ಕತ್ತರಿಸಿ, ಬಳೆಯಂತೆ ಸುತ್ತಿ, ಒಂದರೊಳಗೊಂದು ಸಿಕ್ಕಿಸುತ್ತ ಹೋಗಬೇಕು. ಕತ್ತರಿಸುವಾಗ ಆಕೆ ನನ್ನ ಮಗ್ಗುಲಲ್ಲೇ ಕೂತು, “ಒಳಗಿಂದು ಕಾಗದ ಕತ್ತರಿಸಬೇಡ ಗೋ, ಒಳಗಿಂದು ಬೇಡ” ಎಂದು ಮತ್ತೆಮತ್ತೆ ಹೇಳುತ್ತಿದ್ದಳು. ಒಂದು ವರ್ಷದ ಪತ್ರಗಳು ಸೇರಿ ಬಾಗಿಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುವಷ್ಟು ಮಾಲೆಯಾಯಿತು.

ನಕ್ಷತ್ರದ ಕೆಳಗೆ, ಜಗಲಿಯ ಮೂಲೆಯಲ್ಲಿ ಮಾಯಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕಟ್ಟುತ್ತಿದ್ದಳು. ಸಿಮೆಂಟಿನ ಚೀಲದ ಕಾಗದ ಮುದುಡಿ, ಇದ್ದಿಲಿನ ಪುಡಿ ಸವರಿ ಗುಡ್ಡ ಮಾಡಿದಳು. ಬಡಿಗನ ಅಂಗಡಿಯ ಹೊಟ್ಟು ದಾರಿಯಾಯಿತು, ಒಡೆದ ಕನ್ನಡಿಯ ಚೂರು ಕೆರೆಯಾಯಿತು. ಆಕೆಯ ಅತ್ತೆಯ ಕಾಲದ ಸುಣ್ಣದ ಗೊಂಬೆಗಳು ಒಂದು ಬಿಸ್ಕೀಟಿನ ಡಬ್ಬಿಯಲ್ಲಿದ್ದವು: ತಾಯಿ, ತಂದೆ, ಒಂದು ಕೈ ಇಲ್ಲದ ಕೂಸು, ಕತ್ತೆ, ಮತ್ತೆ ಮಲಗಿದ ಒಂದು ಎತ್ತು. ಕಂದು ಬಣ್ಣ, ಬಿಳಿ ಮೂತಿ, ಕಣ್ಣು ನಿಜವಾಗಿಯೂ ನನ್ನನ್ನೇ ನೋಡುತ್ತಿದ್ದ ಹಾಗೆ. ಅದನ್ನು ಕಂಡ ದಿನದಿಂದ ನನಗೆ ಬೇರೆ ಏನೂ ಬೇಡವಾಯಿತು. ನಾತಾಲಿಗೆ ಇನ್ನು ಐದಾರು ದಿನವಿರುವಾಗ, ಮಾಯಿ ಒಳಗೆ ಚಹಾ ಕಾಸಲು ಹೋದಾಗ, ಎತ್ತನ್ನು ಫ್ರಾಕಿನೊಳಗೆ ಹಾಕಿಕೊಂಡು ಮನೆಗೆ ಓಡಿದೆ. ಕದಿಯಬೇಕೆಂದಲ್ಲ. ಆ ಉದ್ದುದ್ದ ಮಧ್ಯಾಹ್ನ ಒಂದೇ ಒಂದು ದಿನ ನನ್ನ ಜೊತೆ ಯಾರಾದರೂ ಇರಲಿ ಎಂದು. ಅದರ ಮುಂದೆ ರೊಟ್ಟಿಯ ಚೂರು ಇಟ್ಟೆ, ಊರಿನ ಸುದ್ದಿಯನ್ನೆಲ್ಲ ಹೇಳಿದೆ. ಆಯಿಯ ಮನೆಯ ಕರು ನೆನಪಾಗಿ, ನೀರು ಕುಡಿಸೋಣವೆಂದು ಕೊಡದ ಬಾಯಿಯ ಮೇಲೆ ಇಟ್ಟೆ. ಜಾರಿತು. ಕೆಳಗಿನ ಪರಸಿ ಕಲ್ಲಿಗೆ ಬಿದ್ದು ಮೂರು ಚೂರಾಯಿತು.

ಚೂರುಗಳನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಡಬ್ಬಿಯ ಹಿಂದೆ ಇಟ್ಟೆ. ಎರಡು ದಿನ ಮಾಯಿಯ ಮನೆಯ ಕಡೆ ಹೋಗಲಿಲ್ಲ. ಮೂರನೆಯ ದಿನ ಭಾನುವಾರ, ಅಪ್ಪನಿಗೆ ರಜೆ. ಅವ್ವನಿಗೆ ಜೋಳ ತೆಗೆದುಕೊಡಲು ಹೋದವನ ಕೈಗೆ ಗಂಟು ಸಿಕ್ಕಿತು. ಅಪ್ಪ ಮಾತು ಕಡಿಮೆಯ ಮನುಷ್ಯ, ಹೊಡೆಯುವವನಲ್ಲ. ಬಿಚ್ಚಿ ನೋಡಿ, “ಯಾರದಿದು?” ಅಂದ. ಹೇಳಿದೆ. ಎದ್ದು ಅಂಗಿ ಹಾಕಿಕೊಂಡು, ಬಟ್ಟೆಯ ಗಂಟನ್ನೂ ನನ್ನ ಕೈಯನ್ನೂ ಹಿಡಿದು ಹೊರಟ. ಮಾಯಿ ಜಗಲಿಯಲ್ಲೇ ಇದ್ದಳು. ಅಪ್ಪ ಮೆಟ್ಟಿಲ ಕೆಳಗೇ ನಿಂತು, “ಮಾಯಿ, ನಮ್ಮ ಹುಡುಗಿ ತಪ್ಪು ಮಾಡ್ಯಾಳ್ರಿ. ನಿಮ್ಮ ಎತ್ತು ತಂದು ಮುರದಾಳ. ನನಗ ಭಾಳ ನಾಚಿಕಿ ಆಗೇತಿ” ಅಂದ. ಮಾಯಿ ಚೂರುಗಳನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿನಿಂದ ತಡವಿದಳು. ಒಂದು ಕ್ಷಣ ಆಕೆಯ ಮುಖ ಬಾಡಿದ್ದನ್ನು ನಾನು ನೋಡಿದೆ. ಆಮೇಲೆ ನನ್ನತ್ತ ತಿರುಗಿ, “ಎತ್ತಿಗಾಗಿ ಎರಡು ದಿನ ಬರಲಿಲ್ಲ ನೀನು? ನಾನು ಜ್ವರ ಅಂತ ತಿಳಿದೆ ಗೋ. ನಿನ್ನ ಮನೆ ಯಾವುದು ಅಂತ ಸಹ ಗೊತ್ತಿಲ್ಲ ನನಗೆ, ಎಲ್ಲಿ ಕೇಳೋದು?” ಅಂದಳು. ಆಗ ನಾನು ಅತ್ತೆ. ಬೈದಿದ್ದರೆ ಅಳುತ್ತಿರಲಿಲ್ಲ.

ಅಪ್ಪ ಅಷ್ಟರಲ್ಲಿ ಮೂಲೆಯ ಕೊಟ್ಟಿಗೆಯನ್ನು ಬಗ್ಗಿ ನೋಡುತ್ತಿದ್ದ. “ಇದು ಏನ್ರಿ ಮಾಯಿ?” ಎಂದು ಕೇಳಿದ. “ಗೊಠೋ ಬಾಬ್. ದನ ಕಟ್ಟೋ ಜಾಗ. ದೇವರಿಗೆ ಹುಟ್ಟಲಿಕ್ಕೆ ಮನೆ ಸಿಗಲಿಲ್ಲ ಅಲ್ಲ, ಅದಕ್ಕೆ ಇಲ್ಲಿ.” ಮೇವು ಹಾಕುವ ತೊಟ್ಟಿಯಲ್ಲಿ ಕೂಸನ್ನು ಮಲಗಿಸುತ್ತಾರೆಂದು ಆಕೆ ತೋರಿಸಿದಾಗ ಅಪ್ಪನ ಮುಖ ಅರಳಿತು. “ಗ್ವಾದಲಿ! ಗ್ವಾದಲಿ ಅಂತೀವ್ರಿ ನಾವು ಇದಕ್ಕ. ನಾನೂ ಸಣ್ಣಾವಿದ್ದಾಗ ಗ್ವಾದಲ್ಯಾಗ ಮಕ್ಕೊಂಡಾಂವ.” ಆಮೇಲೆ ಸಂಕೋಚದಿಂದ, “ನಾ ಒಂದು ಎತ್ತು ಮಾಡಿ ಕೊಟ್ರ ನಡೀತದೇನ್ರಿ? ಮಣ್ಣಿಂದು. ನಮ್ಮಲ್ಲಿ ಮಣ್ಣೆತ್ತಿನ ಅಮಾಸಿಗೆ ಮಾಡ್ತೀವಿ” ಅಂದ. ಮಾಯಿ, “ಮಾಡು ಬಾಬ್, ಮಾಡು” ಅಂದಳು.

ಅಪ್ಪ ಗೋವಾದ ಕೆಂಪು ಮಣ್ಣು ತಂದು ಮೊದಲು ಪ್ರಯತ್ನಿಸಿದ. ಅದರಲ್ಲಿ ಕಲ್ಲು ಜಾಸ್ತಿ, ಕೋಡು ಎಳೆದರೆ ಬಿರುಕು ಬಿಟ್ಟು ಉದುರಿತು. ಅಪ್ಪ ಅವ್ವನ ಮುಖ ನೋಡಿದ. ಅವ್ವ ತಲೆ ತೊಳೆದುಕೊಳ್ಳಲು ಊರಿನಿಂದ ಒಂದು ಗಂಟು ಎರೆಮಣ್ಣು ತಂದಿದ್ದಳು, ಕಪ್ಪಗೆ, ಬೆಣ್ಣೆಯಂಥದ್ದು. ಟ್ರಂಕಿನ ತಳದಲ್ಲಿಟ್ಟು ಹಿಡಿಹಿಡಿಯಾಗಿ ಬಳಸುತ್ತಿದ್ದಳು. “ನನ್ನ ಮಣ್ಣಿನ ಮ್ಯಾಲೆ ಕಣ್ಣು ಬಿತ್ತಲ್ಲ ನಿನ್ನದು” ಎಂದು ಗೊಣಗುತ್ತಲೇ ಗಂಟು ಬಿಚ್ಚಿ ಕೊಟ್ಟಳು. ಆ ಮಧ್ಯಾಹ್ನ ನಮ್ಮ ತಗಡಿನ ಬಾಗಿಲಲ್ಲಿ ಕೂತು ಅಪ್ಪ ಮಣ್ಣು ನಾದಿದ್ದು ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ಚೀಲ ಹೊತ್ತೂ ಹೊತ್ತೂ ದಪ್ಪಗಾಗಿದ್ದ ಆ ಬೆರಳುಗಳು ಎಷ್ಟು ಮೆತ್ತಗೆ ನಡೆಯುತ್ತಿದ್ದವು! ಹೆಬ್ಬೆರಳು ಒತ್ತಿದರೆ ಬೆನ್ನು, ಚಿವುಟಿದರೆ ಭುಜ, ಎರಡು ಕಡೆ ಎಳೆದರೆ ಕೋಡು. ಕಣ್ಣಿಗೆ ಎರಡು ಜೋಳದ ಕಾಳು. ಒಂದು ಮುಗಿದ ಮೇಲೆ ಮತ್ತೆ ಮಣ್ಣು ತೆಗೆದುಕೊಂಡ. “ಒಂದ ಅಲ್ಲೇನಪ್ಪ ಮುರದದ್ದು?” ಅಂದೆ. “ಒಂಟಿ ಎತ್ತು ಇರಬಾರದವ್ವ. ಜೋಡಿ ಇರಬೇಕು” ಅಂದ. ಹಾಗೆ ಹೇಳಿದವನು ಕೈ ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದ, ಓಣಿಯನ್ನು ನೋಡಿದ. ನಾನು ದಿನವಿಡೀ ಒಬ್ಬಳೇ ಇರುತ್ತೇನೆಂಬುದು ಅವನಿಗೆ ಅವತ್ತೇ ಹೊಳೆದಂತಿತ್ತು.

ಎತ್ತರದ ಭುಜದ, ಬಾಗಿದ ಕೋಡಿನ ನಮ್ಮ ಸೀಮೆಯ ಜೋಡೆತ್ತು ಯೇಸುವಿನ ತಲೆಯ ಬಳಿ ನಿಂತವು. ಸುಣ್ಣದ ತಾಯಿ ತಂದೆಗಿಂತ ಅವೇ ದೊಡ್ಡವಾಗಿದ್ದವು. ನಾತಾಲಿನ ಸಂಜೆ ನಕ್ಷತ್ರದೊಳಗೆ ಬಲ್ಬು ಹೊತ್ತಿಸಿದಾಗ ಬಾಯ್ನಾದ ಮಕ್ಕಳೆಲ್ಲ ಜಗಲಿಯ ಮುಂದೆ ನೆರೆದರು. ನಮ್ಮವರು, ಸಾಬರ ಮಕ್ಕಳು, ಮೀನುಗಾರರ ಮಕ್ಕಳು. ಮಾಯಿ ತೆಂಗಿನಕಾಯಿಯ ಸಿಹಿಯನ್ನು ಒಬ್ಬೊಬ್ಬರ ಅಂಗೈಗೆ ಇಡುತ್ತಿದ್ದಳು. ಆಕೆ ಆ ನಕ್ಷತ್ರವನ್ನು ಸಮುದ್ರದ ಕಡೆಗೆ ಮುಖ ಮಾಡಿಯೇ ಕಟ್ಟಿಸುತ್ತಿದ್ದಳು, “ಮಿಂಗೆಲ್ ಹಡಗಿನಿಂದ ನೋಡ್ತಾನೆ” ಎಂದು. ನಾನು ಅದನ್ನು ನಂಬಿದ್ದೆ. ದೂರದಲ್ಲಿ ಲಂಗರು ಹಾಕಿದ ಪ್ರತಿ ಹಡಗಿನ ದೀಪವೂ ನನಗೆ ಮಿಂಗೆಲನ ದೀಪವಾಗಿತ್ತು.

ಮರುವರ್ಷ ನಾನು ಶಾಲೆಗೆ ಹೋಗುತ್ತಿದ್ದೆ. ಸಂಜೆ ಮಾಯಿಯ ಮನೆ ತಪ್ಪುತ್ತಿರಲಿಲ್ಲ. ಕೊಟ್ಟಿಗೆಯ ಮುಂದೆ ಹುಲ್ಲು ಬೇಕು, ರಾಗಿ ಮೊಳಕೆ ಬರಿಸಬೇಕು, ಈಗ ಮಾಡಲಾಗುತ್ತಿಲ್ಲ ಎಂದು ಮಾಯಿ ಅಂದದ್ದನ್ನು ಅವ್ವನಿಗೆ ಹೇಳಿದೆ. “ಅಯ್ಯ, ದಸರಾದಾಗ ಘಟಕ್ಕ ಹಾಕುದಿಲ್ಲೇನು ನಾವು? ಅದ ಅಲ್ಲೇನು?” ಎಂದು ಅವ್ವ ತಾಟಿನಲ್ಲಿ ಮಣ್ಣು ಹರಡಿ ಜೋಳ ಗೋದಿ ಚೆಲ್ಲಿ, ಮೇಲೆ ಬುಟ್ಟಿ ಮುಚ್ಚಿಟ್ಟಳು. ಎಂಟು ದಿನಕ್ಕೆ ಎಳೆಹಳದಿ ಸಸಿ ಎದ್ದವು. ಅದನ್ನು ತಾನೇ ಹೊತ್ತುಕೊಂಡು ಹೋಗಿ ಮಾಯಿಯ ಜಗಲಿಯಲ್ಲಿ ಇಟ್ಟು, ಎತ್ತುಗಳನ್ನು ಸಸಿಯ ಹತ್ತಿರಕ್ಕೆ ಸರಿಸಿ, “ತಿನ್ರಿ, ತಿನ್ರಿ” ಎಂದು ನಕ್ಕಳು. ಗೋವಾದಲ್ಲಿ ಅವ್ವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಆ ವರ್ಷ ಎಲ್ಲವೂ ಚೆನ್ನಾಗಿತ್ತು. ಬಾಗಿಲಿನ ಮಾಲೆ ಮಾತ್ರ ಅರ್ಧಕ್ಕೆ ನಿಂತಿತು. ಆ ವರ್ಷ ಬಂದಿದ್ದ ಲಕೋಟೆಗಳು ಅಷ್ಟೇ. ಮಾಯಿ ಅದನ್ನು ಬಾಗಿಲಿನ ನಡುವೆ ಮಾವಿನ ಗೊಂಚಲಿನಂತೆ ಇಳಿಬಿಟ್ಟು, “ಹೀಗೇ ಚೆಂದ” ಅಂದಳು.

ಮುಂದಿನ ಮಳೆಗಾಲದಲ್ಲಿ ಸರಕಾರದವರು ನಮ್ಮ ಮನೆಗಳನ್ನು ಕೆಡವಿದರು. ಕೆಡವುತ್ತಾರೆ ಎಂದು ಬಹಳ ದಿನದಿಂದ ಸುದ್ದಿ ಇತ್ತು, ಯಾರೂ ನಂಬಿರಲಿಲ್ಲ. ಆ ದಿನದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ತಗಡು ಹರಿಯುವ ಸದ್ದು, ಮಳೆಯಲ್ಲಿ ತೊಯ್ಯುತ್ತಿದ್ದ ಹಾಸಿಗೆಗಳು, ಜೋಳದ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ನಿಂತ ಅವ್ವ. ನೀವು ಎಲ್ಲಿಯವರಾದರೂ ಸರಿ, ಆಡಿ ಬೆಳೆದ ಜಾಗವೊಂದು ಒಂದೇ ಹಗಲಿನಲ್ಲಿ ಇಲ್ಲವಾದದ್ದನ್ನು ಕಂಡಿದ್ದರೆ ಇಷ್ಟು ಸಾಕು, ಉಳಿದದ್ದು ನಿಮಗೆ ಗೊತ್ತು. ಮಾಯಿಯದು ಗಂಡನ ಹಿರಿಯರ ಕಾಲದ ಮನೆ, ಕಾಗದಪತ್ರ ಇದ್ದವು, ಅದು ಉಳಿಯಿತು. ಎರಡು ರಾತ್ರಿ ನಾವು ಆಕೆಯ ಜಗಲಿಯಲ್ಲೇ ಮಲಗಿದೆವು. ಆಮೇಲೆ ಅಪ್ಪನಿಗೆ ಗುರುತಿನವರ ಮೂಲಕ ಕುಂಕಳ್ಳಿಯ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿ ಹೊರಟೆವು. ಟೆಂಪೋ ಹತ್ತುವಾಗ ಮಾಯಿ ನನ್ನ ಗಲ್ಲ ಹಿಡಿದು, “ನಾತಾಲಿಗೆ ಯಾರು ಕತ್ತರಿಸ್ತಾರೆ ಗೋ ಕಾಗದ?” ಅಂದಳು. “ನಾನ ಬರ್ತೀನ್ರಿ ಮಾಯಿ, ಖರೇ ಬರ್ತೀನಿ” ಅಂದೆ.

ಡಿಸೆಂಬರ್ ಬಂತು. ಕುಂಕಳ್ಳಿ ಎಲ್ಲಿ, ಬಾಯ್ನಾ ಎಲ್ಲಿ! ಎರಡು ಬಸ್ಸು ಬದಲಿಸಬೇಕು. ಹೊಸ ಕೆಲಸ, ರಜೆ ಕೇಳಲು ಅಪ್ಪನಿಗೆ ಧೈರ್ಯವಿಲ್ಲ. ಶಾಲೆಯಲ್ಲಿ ನನಗಿನ್ನೂ ಗೆಳತಿಯರಾಗಿರಲಿಲ್ಲ. ನಾನು ಯಾರಿಗೂ ಹೇಳದೆ ಸಂತೆಯ ಬಯಲಿನಿಂದ ಹಣ್ಣಿನ ಬುಟ್ಟಿಯ ಮುರಿದ ಬಿದಿರು ತಂದು ನೆನೆಹಾಕಿದೆ. ಒಬ್ಬಳೇ ಕಟ್ಟಿದ ಮೊದಲ ನಕ್ಷತ್ರ ಅದು. ಒಂದು ಕಾಲು ಗಿಡ್ಡ, ಹೊಟ್ಟೆ ಒಂದು ಕಡೆಗೆ ಹೆಚ್ಚು ಉಬ್ಬಿತ್ತು. ಅಂಟಿಗೆ ಮೈದಾ ಕೇಳಿದಾಗ ಅವ್ವನಿಗೆ ತಿಳಿಯಿತು. “ಆ ಮುದುಕಿ ನಿನ್ನ ಹಾದಿ ಕಾಯ್ತಿರ್ತಾಳೇನು? ಮಂದಿ ಅಂದಿದ್ದನ್ನೆಲ್ಲ ಗಂಟು ಹಾಕ್ಕೊಂಡು ಕುಂಡ್ರಬಾರದು” ಅಂದಳು. ಅಪ್ಪ ತಾಟಿನ ಮುಂದೆ ಕೂತು ಉಣ್ಣುತ್ತಲೇ ಇದ್ದ. ಆದರೆ ನಾತಾಲಿನ ಹಿಂದಿನ ದಿನ ಬೆಳಿಗ್ಗೆ ಕೆಲಸದ ಅಂಗಿ ಬಿಟ್ಟು ಊರಿಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡು, “ನಡಿಯವ್ವ” ಅಂದ. ಅವ್ವ ಸಿಟ್ಟಿನಿಂದ ಎದ್ದವಳು ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು, ಮಾಯಿಗೆಂದು ಎರಡು ಶೇಂಗಾ ಹೋಳಿಗೆಯನ್ನೂ ಇಟ್ಟಳು.

ನಕ್ಷತ್ರ ಬಸ್ಸಿನ ಬಾಗಿಲಲ್ಲಿ ಹಿಡಿಯಲಿಲ್ಲ. ಅಪ್ಪ ಅದನ್ನು ಅಡ್ಡ ಮಾಡಿ, ಓರೆ ಮಾಡಿ, ಕೊನೆಗೆ ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಒಳಗೆ ಬಂದ. ಮಡಗಾಂವ್‌ವರೆಗೆ ಹಾಗೆಯೇ ನಿಂತ. ತಿರುವಿನಲ್ಲಿ ಯಾರದೋ ಮೊಣಕೈ ತಾಗಿ ಒಂದು ಕಾಲಿನ ಕಾಗದ ಹರಿಯಿತು. ಅಪ್ಪ ನನ್ನ ಮುಖ ನೋಡಿ, “ಹರದ್ರ ಹರೀಲಿ, ಕಡ್ಡಿ ಗಟ್ಟಿ ಐತಿ” ಅಂದ. ವಾಸ್ಕೋದಲ್ಲಿ ಇಳಿದು ಬಾಯ್ನಾದ ಕಡೆ ನಡೆದೆವು. ತಿರುವು ದಾಟಿದ ಕೂಡಲೇ ನಾನು ನಿಂತೆ. ಓಣಿ ಇಲ್ಲ. ಮೊದಲು ಕಾಣದಿದ್ದ ಸಮುದ್ರ ಈಗ ರಸ್ತೆಯಿಂದಲೇ ಕಾಣುತ್ತಿತ್ತು. ನಮ್ಮ ಮನೆ ಇದ್ದ ಜಾಗವನ್ನು ನಾನು ಕಣ್ಣಿನಿಂದ ಹುಡುಕಿದೆ, ಅಪ್ಪನೂ ಹುಡುಕಿದ, ಬರೀ ಮರಳು. ಅಂಚಿನಲ್ಲಿ ಆ ಹೆಂಚಿನ ಮನೆ ಒಂದೇ.

ಜಗಲಿಯಲ್ಲಿ ನಕ್ಷತ್ರ ಇರಲಿಲ್ಲ, ಮೂಲೆಯಲ್ಲಿ ಕೊಟ್ಟಿಗೆ ಇರಲಿಲ್ಲ, ಬಾಗಿಲಿಗೆ ಮಾಲೆ ಇರಲಿಲ್ಲ. ಮಾಯಿ ಕುರ್ಚಿಯಲ್ಲಿ ಕೂತಿದ್ದಳು. ನಮ್ಮನ್ನು ಹೆಜ್ಜೆಯ ಸದ್ದಿನಿಂದಲೋ ಮಾತಿನಿಂದಲೋ ಗುರುತಿಸಿದಳು, ಕಣ್ಣಿನಿಂದಲ್ಲ. ಏಕೆ ಏನೂ ಮಾಡಿಲ್ಲ ಎಂದು ಅಪ್ಪ ಕೇಳಿದಾಗ ಕೈಯಿಂದ ಮರಳಿನ ಕಡೆ ತೋರಿಸಿ, “ಯಾರಿಗೆ ಬಾಬ್? ಮಕ್ಕಳು ಎಲ್ಲಿದಾರೆ?” ಅಂದಳು. “ಮಿಂಗೆಲ್ ನೋಡ್ತಾನಲ್ರಿ ಮಾಯಿ, ಹಡಗಿನಿಂದ” ಅಂದೆ ನಾನು. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, “ಅಲ್ಲಿಂದ ಕಾಣೋದಿಲ್ಲ ಗೋ. ಯಾವತ್ತೂ ಕಾಣಲಿಲ್ಲ” ಎಂದು ಮೆಲ್ಲಗೆ ಹೇಳಿದಳು. ಅಷ್ಟು ವರ್ಷ ಆಕೆ ನಕ್ಷತ್ರ ಕಟ್ಟುತ್ತಿದ್ದದ್ದು ಜಗಲಿಯ ಮುಂದೆ ಸೇರುತ್ತಿದ್ದ ನಮಗಾಗಿ ಎಂದು ಆಗ ನನಗೆ ತಿಳಿಯಿತು.

ಅಪ್ಪ ಒಳಗಿನಿಂದ ಇನ್ನೊಂದು ಕುರ್ಚಿ ಎಳೆದು ಹತ್ತಿ ನಕ್ಷತ್ರ ಕಟ್ಟಿದ. ನಾನು ಬಿಸ್ಕೀಟಿನ ಡಬ್ಬಿ ತಂದೆ. ಎತ್ತುಗಳನ್ನು ಮಾಯಿ ಗಂಡನ ಕರವಸ್ತ್ರದಲ್ಲಿ ಬೇರೆಬೇರೆಯಾಗಿ ಸುತ್ತಿಟ್ಟಿದ್ದಳು, ಒಂದು ಕೋಡೂ ಮುಕ್ಕಾಗಿರಲಿಲ್ಲ. ಗುಡ್ಡವಿಲ್ಲ, ಕೆರೆಯಿಲ್ಲ, ಸಸಿಯಿಲ್ಲ. ಬರಿ ನೆಲದ ಮೇಲೆ ತಾಯಿ, ತಂದೆ, ಕೂಸು, ಕತ್ತೆ, ಎತ್ತು. ಮೂವರೂ ರೊಟ್ಟಿ ತಿಂದೆವು. ಹೋಳಿಗೆಯ ಮೊದಲ ಚೂರನ್ನು ಮಾಯಿ ಕೂಸಿನ ಮುಂದೆ ಇಟ್ಟಳು. ಬೆಳಕು ಕಡಿಮೆಯಾಗುತ್ತ ಬಂದಾಗ ಬಲ್ಬು ಹಾಕಿ, ಬಸ್ಸಿಗೆ ತಡವಾಗುತ್ತದೆಂದು ಹೊರಟೆವು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಇಡೀ ದಂಡೆಗೆ ಅದೊಂದೇ ಬೆಳಕು. ಹರಿದ ಕಾಲಿನಿಂದ ಬಲ್ಬು ನೇರವಾಗಿ ಕಣ್ಣಿಗೆ ಬೀಳುತ್ತಿತ್ತು. ಅದರ ಕೆಳಗೆ ಮಾಯಿ ಕೈ ಎತ್ತಿ ಬೀಸುತ್ತಿದ್ದಳು, ನಾವು ಇರುವ ದಿಕ್ಕಿಗಲ್ಲ, ಸ್ವಲ್ಪ ಬೇರೆ ದಿಕ್ಕಿಗೆ.

ಮರುವರ್ಷ ಹೋಗುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ಮಗ ಬಂದು, ಮನೆ ಮಾರಿ, ತಾಯಿಯನ್ನು ಸಿಸ್ಟರುಗಳು ನಡೆಸುವ ಒಂದು ವೃದ್ಧಾಶ್ರಮದಲ್ಲಿ ಬಿಟ್ಟು ಹಡಗಿಗೆ ಮರಳಿದ್ದ. ಅವನನ್ನು ನಾನು ಬೈಯಲಾರೆ. ದುಡಿಯಲು ಹೋದವರಿಗೆ ಮನೆಯಲ್ಲಿದ್ದವರ ಬಳಿ ಕೂರಲು ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಯಾವ ಆಶ್ರಮ ಎಂದು ರಸ್ತೆಯ ಆಚೆಯವರಿಗೆ ಸರಿಯಾಗಿ ತಿಳಿದಿರಲಿಲ್ಲ. ನಾವು ಹುಡುಕೋಣ ಅಂದೆವು, ಹುಡುಕಲಿಲ್ಲ. ಶಾಲೆ ಬಿಟ್ಟು ನಾನೂ ಕೆಲಸಕ್ಕೆ ಸೇರಿದೆ. ನನಗೆ ಹತ್ತೊಂಬತ್ತು ತುಂಬಿದ ವರ್ಷ ಅಪ್ಪ ಜ್ವರ ಬಂದು ಒಂದು ವಾರದಲ್ಲಿ ಹೋಗಿಬಿಟ್ಟ. ಅವ್ವ ಊರಿಗೆ, ತನ್ನ ಅಣ್ಣನ ಮನೆಗೆ ಹೋದಳು. ಅವಳೂ ಈಗ ಇಲ್ಲ. ಬಾಯ್ನಾದಲ್ಲಿ ಈಗ ಜನ ಸಂಜೆ ಗಾಳಿಗೆ ಬರುತ್ತಾರೆ, ಮಕ್ಕಳು ಮರಳಿನಲ್ಲಿ ಆಡುತ್ತವೆ. ಅವರ ನಡುವೆ ನಾನು ಒಂದೆರಡು ಸಲ ಹೋಗಿ ಕೂತು ಬಂದಿದ್ದೇನೆ.

ಮಾಯಿಯನ್ನು ಮಾತ್ರ ಇನ್ನೊಮ್ಮೆ ಕಂಡೆ. ಅಪ್ಪ ಹೋದ ಎಂಟು ತಿಂಗಳಿಗೆ, ಮಡಗಾಂವ್‌ನ ಬಸ್ ನಿಲ್ದಾಣದಲ್ಲಿ ಬಾಯ್ನಾದ ಹಳೆಯ ಮೀನುಗಾರ್ತಿಯೊಬ್ಬಳು ಸಿಕ್ಕು ಆಶ್ರಮದ ಗುರುತು ಹೇಳಿದಳು. ಮುಂದಿನ ಭಾನುವಾರವೇ ಹೋದೆ. ಉದ್ದನೆಯ ಪಡಸಾಲೆ, ಸಾಲಾಗಿ ಮಂಚಗಳು. ಕಿಟಕಿಯ ಪಕ್ಕದ ಮಂಚದಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದಳು, ಮೊದಲಿಗಿಂತ ಇನ್ನೂ ಸಣ್ಣಗಾಗಿ. ಕಣ್ಣು ಪೂರ್ತಿ ಹೋಗಿತ್ತು. ಕೈ ಹಿಡಿದು ಹೆಸರು ಹೇಳಿದೆ. ಹೆಸರು ಆಕೆಗೆ ಹತ್ತಲಿಲ್ಲ. ಬಾಯ್ನಾದವಳು ಅಂದೆ. “ಬಾಯ್ನಾದಲ್ಲಿ ಈಗ ಯಾರಿದಾರೆ ಗೋ?” ಎಂದು ಕೇಳಿದಳು. “ಯಾರೂ ಇಲ್ರಿ ಮಾಯಿ.” “ಹಾಗಾದರೆ ನಿನ್ನನ್ನು ಯಾರು ಕಳಿಸಿದರು?” ಅಂದಳು.

“ಅಪ್ಪ ಕಳಿಸ್ಯಾನ್ರಿ” ಅಂದೆ.

“ಒಳ್ಳೇ ಮನುಷ್ಯ” ಅಂದಳು ಮಾಯಿ, ಯಾರೆಂದು ಗೊತ್ತಾಗಿಯೋ ಗೊತ್ತಾಗದೆಯೋ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡು, “ಅವನಿಗೆ ಹೇಳು, ನಾನು ಚೆನ್ನಾಗಿದೀನಿ ಅಂತ. ಮರೀಬೇಡ, ಮನೆಗೆ ಹೋದ ತಕ್ಷಣ ಹೇಳು.”

“ಹೇಳ್ತೀನ್ರಿ ಮಾಯಿ” ಅಂದೆ. ಗಂಟೆ ಹೊಡೆಯಿತು, ಭೇಟಿಯ ಹೊತ್ತು ಮುಗಿದಿತ್ತು. ಹೊರಗೆ ಬಂದು, ಕುಂಕಳ್ಳಿಯ ಬಸ್ಸು ಬರುವವರೆಗೆ ರಸ್ತೆಯ ಬದಿಗೆ ನಿಂತುಕೊಂಡೆ.